26 ಅಡಿಯ ದೋಣಿಗೆ ಕೂಡಿಸಿದ ಏಸಿ: ಎರಡು ಬೇಸಿಗೆಗಳ ಬಳಿಕ

ಅಮೆರಿಕದ ಮೇರಿಲ್ಯಾಂಡಿನಲ್ಲಿ, ಚೆಸಪೀಕ್ ಕೊಲ್ಲಿಯ ಒಂದು ಮರೀನಾದಲ್ಲಿ, ಅಂದರೆ ದೋಣಿ ಕಟ್ಟುವ ತಂಗುದಾಣದಲ್ಲಿ, ನಮ್ಮ 26 ಅಡಿಯ ಹಳೆಯ ಕ್ಯಾಬಿನ್ ಕ್ರೂಸರ್ (ಒಳಗೆ ಮಲಗುವ ಕೋಣೆಯಿರುವ ಮೋಟಾರು ದೋಣಿ) ನಿಲ್ಲುತ್ತದೆ. ಕುಂದಾಪುರದಲ್ಲಿ ಹುಟ್ಟಿ ಬೆಳೆದವನಾದ ನನಗೆ ಸೆಕೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಆದರೆ ಹಂಚಿನ ಮಾಡಿನ ಕೆಳಗಿನ ಸೆಕೆ ಬೇರೆ. ದಿನವಿಡೀ ಬಿಸಿಲು ಕುಡಿದ ಫೈಬರ್‌ಗ್ಲಾಸಿನ ಪೆಟ್ಟಿಗೆಯೊಳಗೆ, ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚಿಕೊಂಡು, ಜುಲೈ ತಿಂಗಳ ಗಾಳಿಯಿಲ್ಲದ ರಾತ್ರಿಯಲ್ಲಿ ಅನುಭವಿಸುವ ಸೆಕೆಯೇ ಬೇರೆ. ಮೂರು ಬೇಸಿಗೆ ಸಹಿಸಿಕೊಂಡು, ಕೊನೆಗೆ ಸಮುದ್ರದ ನೀರಿನಿಂದ ತಣಿಯುವ 6,000 ಬಿಟಿಯು (ಗಂಟೆಗೆ ಎಷ್ಟು ಬಿಸಿ ಹೊರಹಾಕುತ್ತದೆ ಎಂಬ ಅಳತೆ) ಸಾಮರ್ಥ್ಯದ ಏಸಿಯೊಂದನ್ನು ದೋಣಿಗೆ ಕೂಡಿಸಿದೆವು. ಎರಡು ಬೇಸಿಗೆ ಬಳಸಿದ ಮೇಲೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಯಂತ್ರ ಚೆನ್ನಾಗಿದೆ, ಆದರೆ ದುಡ್ಡು ಕೊಟ್ಟು ತರುವ ಯಂತ್ರ ಈ ಕೆಲಸದ ಅರ್ಧ ಭಾಗ ಮಾತ್ರ. ಉಳಿದರ್ಧ ಅದಕ್ಕೆ ನೀರು ತಲುಪಿಸುವ ಹಾದಿಯಲ್ಲಿದೆ, ಮತ್ತು ನಾವು ಪಟ್ಟ ಪಾಡೆಲ್ಲ ಆ ಹಾದಿಯಲ್ಲೇ.

ಡೊಮೆಟಿಕ್, ವೆಬಾಸ್ಟೊ ಮೊದಲಾದ ಕಂಪನಿಗಳು ಈ ಬಗೆಯ ಯಂತ್ರಗಳನ್ನು ಮಾರುತ್ತವೆ. ಕೆಲಸ ಮಾಡುವ ರೀತಿ ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನಮ್ಮದು ಯಾವುದು ಎಂಬುದಕ್ಕಿಂತ ಅದನ್ನು ಹೇಗೆ ಕೂಡಿಸಲಾಯಿತು ಎಂಬುದೇ ಇಲ್ಲಿ ಮುಖ್ಯ. ಮನೆಯ ಏಸಿ ಕೋಣೆಯ ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟರೆ, ಇದು ಕ್ಯಾಬಿನ್ನಿನ ಬಿಸಿಯನ್ನು ತಾಮ್ರ-ನಿಕಲ್ ಮಿಶ್ರಲೋಹದ ಸುರುಳಿಯಲ್ಲಿ ಹರಿಯುವ ಸಮುದ್ರದ ನೀರಿಗೆ ಬಿಡುತ್ತದೆ. ಕಂಪ್ರೆಸರ್, ಸುರುಳಿ, ಫ್ಯಾನ್ ಎಲ್ಲವೂ ಒಂದೇ ಚೌಕಟ್ಟಿನ ಮೇಲಿದ್ದು ಗ್ಯಾಸನ್ನು ಕಾರ್ಖಾನೆಯಲ್ಲೇ ತುಂಬಿ ಮುಚ್ಚಿರುತ್ತಾರೆ. ಹಾಗಾಗಿ ಗ್ಯಾಸ್ ತುಂಬುವ ಮೆಕ್ಯಾನಿಕ್ ಬೇಕಾಗುವುದಿಲ್ಲ.

ಸಾಮರ್ಥ್ಯದ ಲೆಕ್ಕ ಸರಳ. ಡೆಕ್ಕಿನ ಕೆಳಗಿನ ಕೋಣೆಗೆ ನೆಲದ ಪ್ರತಿ ಚದರ ಅಡಿಗೆ 60 ಬಿಟಿಯು, ಅರ್ಧ ಮೇಲಿರುವ ಕೋಣೆಗೆ 90, ಪೂರ್ತಿ ಡೆಕ್ಕಿನ ಮೇಲೆ ಗಾಜಿನ ನಡುವಿರುವ ಕೋಣೆಗೆ 120 ಎಂಬುದು ಈ ವ್ಯಾಪಾರದಲ್ಲಿ ರೂಢಿಯಲ್ಲಿರುವ ಅಳತೆ. ನಮ್ಮ ಕ್ಯಾಬಿನ್ ಸುಮಾರು 63 ಚದರ ಅಡಿ. 90ರ ಲೆಕ್ಕದಲ್ಲಿ 5,670 ಬಂತು, 6,000ದ್ದನ್ನು ಕೊಂಡೆವು. ಊರಿನ ಭಾಷೆಯಲ್ಲಿ ಹೇಳುವುದಾದರೆ ಅರ್ಧ ಟನ್ ಏಸಿ. ಇರಲಿ ಎಂದು ದೊಡ್ಡದನ್ನು ಹಾಕಿಸಿದರೆ ಅದು ಹತ್ತೇ ನಿಮಿಷದಲ್ಲಿ ತಂಪು ಮಾಡಿ ನಿಂತುಬಿಡುತ್ತದೆ, ಗಾಳಿಯ ತೇವವನ್ನು ಹಿಂಡುವಷ್ಟು ಹೊತ್ತು ಓಡುವುದಿಲ್ಲ. ತಣ್ಣಗಿದ್ದೂ ಒದ್ದೆಯಾಗಿರುವ ಕ್ಯಾಬಿನ್ನಿನಲ್ಲಿ ಹಾಸಿಗೆಗೆ ಬೂಸ್ಟು ಹಿಡಿಯುವುದಷ್ಟೇ ಲಾಭ. ಆದರೆ ದುಬೈ, ಅಬುಧಾಬಿಗಳಲ್ಲಿ ದೋಣಿ ಇಟ್ಟಿರುವ ಕನ್ನಡಿಗರು ಈ ಮಾತನ್ನು ಹಾಗೆಯೇ ತೆಗೆದುಕೊಳ್ಳಬಾರದು. ಇಲ್ಲಿ ಬೇಸಿಗೆಯ ನೀರು 27-28 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಅಲ್ಲಿ 32 ಡಿಗ್ರಿಯನ್ನು ದಾಟುತ್ತದೆ, ನೀರು ಬೆಚ್ಚಗಾದಷ್ಟೂ ಯಂತ್ರದ ಕಸುವು ಇಳಿಯುತ್ತದೆ.

ಇನ್ನು ನೀರಿನ ಹಾದಿ. ದೋಣಿಯ ತಳದಲ್ಲಿ ತೂತು ಕೊರೆದು ಹಿತ್ತಾಳೆ ಬಣ್ಣದ ಕಂಚಿನ ಥ್ರೂ-ಹಲ್ ಎಂಬ ನೀರು ಒಳಬರುವ ಬಾಯಿ ಕೂಡಿಸಬೇಕು, ಅದರ ಮೇಲೆ ಸೀಕಾಕ್ ಎಂಬ ಮುಚ್ಚುವ ಕವಾಟ, ಆಮೇಲೆ ಕಸ ಹಿಡಿಯುವ ಸ್ಟ್ರೇನರ್, ಆಮೇಲೆ ಪಂಪು, ಆಮೇಲೆ ಯಂತ್ರ, ಕೊನೆಗೆ ದೋಣಿಯ ಪಕ್ಕದಿಂದ ನೀರು ಹೊರಬೀಳುವ ಕಿಂಡಿ. ತೂತು ಕೊರೆಯಲು ದೋಣಿಯನ್ನು ನೀರಿನಿಂದ ಮೇಲೆತ್ತಲೇಬೇಕಾದ್ದರಿಂದ ವಸಂತದಲ್ಲಿ ತಳಕ್ಕೆ ಬಣ್ಣ ಹೊಡೆಸುವಾಗಲೇ ಇದನ್ನೂ ಮುಗಿಸುವುದು ಲೇಸು. ಹೊಸ ತೂತು ತಪ್ಪಿಸಲೆಂದು ಎಂಜಿನ್ನಿನ ನೀರಿನ ಕೊಳವೆಗೇ ಇದನ್ನು ಜೋಡಿಸಲು ಹೋಗಬಾರದು. ಎಂಜಿನ್ನಿನ ಸೆಳೆತದ ಮುಂದೆ ಈ ಪುಟ್ಟ ಪಂಪು ಏನೂ ಅಲ್ಲ.

ಈ ಪಂಪು ನೀರನ್ನು ತಳ್ಳಬಲ್ಲದೇ ಹೊರತು ಹೀರಿ ಮೇಲೆತ್ತಲಾರದು. ಆದ್ದರಿಂದ ಅದು ನೀರಿನ ಮಟ್ಟಕ್ಕಿಂತ ಕೆಳಗೇ ಕುಳಿತಿರಬೇಕು, ಹೋಸ್ ಪೈಪು ಸೀಕಾಕಿನಿಂದ ಯಂತ್ರದವರೆಗೆ ಎಲ್ಲೂ ಇಳಿಯದೆ ಏರುತ್ತಲೇ ಹೋಗಬೇಕು. ನಮಗೆ ಕೂಡಿಸಿಕೊಟ್ಟ ವರ್ಕ್‌ಶಾಪಿನವರು ಪೈಪನ್ನು ತಳದ ಅಡ್ಡಪಟ್ಟಿಯೊಂದರ ಮೇಲೆ ಹಾಯಿಸಿ ಮತ್ತೆ ಕೆಳಗಿಳಿಸಿ ಪಂಪಿಗೆ ಜೋಡಿಸಿದ್ದರು. ಅಂಗಳದಲ್ಲಿ ಪರೀಕ್ಷಿಸಿದಾಗ ಎಲ್ಲ ಸರಿಯಾಗಿಯೇ ಇತ್ತು. ಆದರೆ ಅಲೆಗಳ ಮೇಲೆ ಹೋಗಿ ಬಂದಾಗಲೆಲ್ಲ ಆ ಗೂನಿನಲ್ಲಿ ಗಾಳಿ ಸಿಕ್ಕಿಕೊಂಡು, ಪಂಪು ಗುಂಯ್‌ಗುಡುತ್ತಿದ್ದರೂ ಹೊರಗಿನ ಕಿಂಡಿಯಿಂದ ಒಂದು ಹನಿಯೂ ಬೀಳದೆ, ಒಳಗೆ ಒತ್ತಡ ಏರಿ ಯಂತ್ರ ತಾನಾಗಿಯೇ ನಿಂತು ದೋಷದ ಅಕ್ಷರಗಳನ್ನು ತೋರಿಸುತ್ತಿತ್ತು. ಯಂತ್ರವೇ ಕೆಟ್ಟಿದೆ, ಬದಲಾಯಿಸೋಣ ಎಂಬ ಸಲಹೆ ಅವರಿಂದ ಬಂತು. ಐದು ವಾರ ಕಳೆದ ಮೇಲೆ, ಒಂದು ಶನಿವಾರ ನಾನೇ ಬಿಲ್ಜಿನಲ್ಲಿ (ದೋಣಿಯ ನೆಲದ ಕೆಳಗಿನ ತಳಭಾಗದಲ್ಲಿ) ಮಲಗಿ, ಪಂಪನ್ನು ಅರ್ಧ ಅಡಿ ಸರಿಸಿ, ಪೈಪನ್ನು ಪಟ್ಟಿಯ ಮುಂದಿನಿಂದ ನೇರವಾಗಿ ಏರುವಂತೆ ಹೊಸದಾಗಿ ಹಾಕಿದೆ. ಅಲ್ಲಿಂದೀಚೆಗೆ ಗಾಳಿ ಹಿಡಿದದ್ದಿಲ್ಲ. ಪೈಪಿಗೆ ತಗುಲಿದ ಖರ್ಚು ಮೂವತ್ತು ಡಾಲರಿನ ಒಳಗೆ. ಬೆನ್ನುನೋವಿನ ಲೆಕ್ಕ ಬೇರೆ.

ಎರಡನೆಯ ಕಾಟ ಲೋಳೆಮೀನಿನದು. ಬೇಸಿಗೆ ಬಲಿಯುತ್ತಿದ್ದಂತೆ ಚೆಸಪೀಕ್ ಕೊಲ್ಲಿಯಲ್ಲಿ ಚುಚ್ಚುವ ಲೋಳೆಮೀನುಗಳು ತುಂಬಿಕೊಳ್ಳುತ್ತವೆ, ಅವುಗಳ ಚೂರುಗಳು ಸ್ಟ್ರೇನರಿನ ಬುಟ್ಟಿಗೆ ಗಂಜಿಯಂತೆ ಅಂಟಿ ನೀರನ್ನು ತಡೆಯುತ್ತವೆ. ಜುಲೈ, ಆಗಸ್ಟ್‌ಗಳಲ್ಲಿ ನಾನು ವಾರಕ್ಕೆರಡು ಬಾರಿ ಸೀಕಾಕ್ ಮುಚ್ಚಿ, ಕೈಗವಸು ಹಾಕಿ ಬುಟ್ಟಿ ತೊಳೆಯುತ್ತೇನೆ. ಹೊರಬೀಳುವ ಕಿಂಡಿಯನ್ನು ನೀರಿನ ಮಟ್ಟಕ್ಕಿಂತ ತುಸುವೇ ಮೇಲೆ, ಜೆಟ್ಟಿಯ ಮೇಲೆ ನಿಂತವರಿಗೆ ಕಾಣುವ ಬದಿಯಲ್ಲಿಟ್ಟದ್ದು ನಾವು ಮಾಡಿದ ಜಾಣತನದ ಕೆಲಸ: ಧಾರೆ ಸಣ್ಣದಾದರೆ ಬುಟ್ಟಿ ಕಟ್ಟಿದೆ ಎಂದೇ ಅರ್ಥ. ಊರಿನಿಂದ ಬಂದು ಮೂರು ರಾತ್ರಿ ದೋಣಿಯಲ್ಲಿ ಮಲಗಿದ್ದ ಅಮ್ಮನಿಗೆ ಏಸಿಯ ತಂಪಿಗಿಂತ ಆ ಧಾರೆಯ ಸದ್ದೇ ಹಿಡಿಸಿತು, ಆಷಾಢದಲ್ಲಿ ಮಾಡಿನ ನೀರು ಅಂಗಳಕ್ಕೆ ಬೀಳುವ ಹಾಗಿದೆ ಎಂದರು.

ಯಂತ್ರ ಗಾಳಿಯಿಂದ ಹಿಂಡಿದ ನೀರೂ ಎಲ್ಲಾದರೂ ಹೋಗಬೇಕಷ್ಟೆ. ಅದನ್ನು ಬಿಲ್ಜಿಗೆ ಬಿಟ್ಟರೆ ವಾಸನೆ ಬರುತ್ತದೆ. ಪುಟ್ಟ ಡಬ್ಬಿಯೊಂದಕ್ಕೆ ಇಳಿಸಿ ಅಲ್ಲಿಂದ ಹೊರಗೆ ಪಂಪು ಮಾಡಬೇಕು. ಎಂಜಿನ್ನಿನ ಹೊಗೆ ಬರುವ ಕಡೆಗೆ ಆ ಕೊಳವೆಯ ಬಾಯಿ ಇರಲೇಕೂಡದು, ಕಾರ್ಬನ್ ಮಾನಾಕ್ಸೈಡ್ ಅದರ ಮೂಲಕ ಮಲಗುವ ಕೋಣೆಗೇ ಬಂದೀತು. ಕ್ಯಾಬಿನ್ನಿನಲ್ಲಿ ಆ ಅನಿಲದ ಅಲಾರಂ ಇಲ್ಲದವರು ಏಸಿಗಿಂತ ಮೊದಲು ಅದನ್ನು ಕೊಳ್ಳಲಿ.

ವಿದ್ಯುತ್ತಿನ ವಿಷಯಕ್ಕೆ ಬಂದರೆ, ಮರೀನಾದಲ್ಲಿ ಸಿಗುವುದು 120 ವೋಲ್ಟಿನ 30 ಆಂಪಿಯರ್ ಸಂಪರ್ಕ. ಏಸಿಗೂ ಪಂಪಿಗೂ ಸೇರಿ ಓಡುವಾಗ ಸುಮಾರು 6 ಆಂಪಿಯರ್ ಸಾಕು. ಆದರೆ 1,500 ವಾಟಿನ ವಾಟರ್ ಹೀಟರ್ ಹನ್ನೆರಡೂವರೆ, ಅಷ್ಟೇ ವಾಟಿನ ಕೆಟಲ್ ಇನ್ನೊಂದು ಹನ್ನೆರಡೂವರೆ ಎಳೆದರೆ 31 ಆಗುತ್ತದೆ. ಹಾಗಾಗಿ ನಮ್ಮಲ್ಲಿ ಬೆಳಗಿನ ಕಾಫಿಗೆ ಮೊದಲು ಹೀಟರ್ ಆರಿಸುವುದು ಪದ್ಧತಿಯಾಗಿದೆ. ಏಸಿಗೆ ಪ್ರತ್ಯೇಕ ಬ್ರೇಕರ್ ಹಾಕಿಸಿ, ಅರ್ತಿಂಗನ್ನು ದೋಣಿಯ ವಿದ್ಯುತ್ತಿನ ಬಗ್ಗೆ ಇಲ್ಲಿ ಪಾಲಿಸುವ ಎಬಿವೈಸಿ (ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್) ಮಾನದಂಡದಂತೆ ತಿಳಿದವರಿಂದಲೇ ಮಾಡಿಸಿದೆವು. ಇಲ್ಲಿ ಹಣ ಉಳಿಸಲು ಹೋದರೆ ಕಂಚಿನ ಬಿಡಿಭಾಗಗಳು ಸವೆಯುವುದು ಒಂದು ಕಡೆ, ಅರ್ತಿಂಗ್ ತಪ್ಪಿ ನೀರಿಗೆ ಸೋರಿದ ಕರೆಂಟು ಈಜುವವರ ಪ್ರಾಣ ತೆಗೆಯುವ ಅಪಾಯ ಇನ್ನೊಂದು ಕಡೆ.

ಕೊಲ್ಲಿಯ ನಡುವೆ ಲಂಗರು ಹಾಕಿ ಮಲಗುವವರಿಗೆ ಇದು ಹೇಳಿದ್ದಲ್ಲ. ಸುಮಾರು 600 ವಾಟಿನಂತೆ ಎಂಟು ಗಂಟೆ ಬಿಡದೆ ಓಡಿದರೆ 4.8 ಯೂನಿಟ್, ಅಂದರೆ 12 ವೋಲ್ಟಿನ ಬ್ಯಾಟರಿಯಿಂದ 400 ಆಂಪಿಯರ್-ಅವರ್, ಇನ್ವರ್ಟರಿನ ನಷ್ಟ ಅದರ ಮೇಲೆ. ಅಷ್ಟು ಲಿಥಿಯಂ ಬ್ಯಾಟರಿ ಇಡಲು ನಮ್ಮ ದೋಣಿಯಲ್ಲಿ ಜಾಗವಿಲ್ಲ. ಪೆಟ್ರೋಲಿನ ಪುಟ್ಟ ಜನರೇಟರನ್ನು ಹಿಂಬದಿಯಲ್ಲಿಟ್ಟು ರಾತ್ರಿಯಿಡೀ ಓಡಿಸುವವರನ್ನು ನೋಡಿದ್ದೇನೆ. ಪೆಟ್ರೋಲ್ ಆವಿಯ ನಡುವೆ ಕಿಡಿಯ ಭಯ, ಹೊಗೆಯ ಭಯ ಎರಡನ್ನೂ ತಲೆದಿಂಬಾಗಿಟ್ಟುಕೊಂಡು ಮಲಗುವ ಧೈರ್ಯ ನನಗಿಲ್ಲ. ಲಂಗರಿನಲ್ಲಿ ನಾವು ಇಂದಿಗೂ ದೋಣಿಯ ಮುಂಭಾಗದ ಮೇಲ್ಕಿಂಡಿ ತೆರೆದು, ಸೊಳ್ಳೆಬಲೆ ಕಟ್ಟಿ, 12 ವೋಲ್ಟಿನ ಫ್ಯಾನ್ ಹಾಕಿಕೊಂಡೇ ಮಲಗುತ್ತೇವೆ.

ಅಗ್ಗದ ದಾರಿಗಳನ್ನೂ ಯೋಚಿಸದೆ ಇರಲಿಲ್ಲ. ಒಂದೇ ಕೊಳವೆಯ, ಚಕ್ರದ ಮೇಲೆ ಉರುಳಿಸುವ ಏಸಿಯನ್ನು ಗೆಳೆಯರಿಂದ ತಂದು ನೋಡಿದಾಗ, ಅದು ಒಳಗಿನ ಗಾಳಿಯನ್ನೇ ಹೊರಗೆ ದಬ್ಬುತ್ತಿದ್ದುದರಿಂದ ಸಂದುಗೊಂದಿನಿಂದ ಹೊರಗಿನ ಬಿಸಿಗಾಳಿ ಒಳನುಗ್ಗಿ ಸೊನ್ನೆಗೆ ಸೊನ್ನೆಯಾಯಿತು. ಮೇಲಿನ ಕಿಂಡಿಯ ಮೇಲೆ ಕೂರಿಸುವ, ನೀರೇ ಬೇಡದ ಘಟಕ ಮಾತ್ರ ಯೋಗ್ಯ ಆಯ್ಕೆ. ವರ್ಷಕ್ಕೆ ಏಳೆಂಟು ರಾತ್ರಿ ಮಲಗುವವರು ದೋಣಿಗೆ ತೂತು ಕೊರೆಯುವ ಬದಲು ಅದನ್ನೇ ಕೊಳ್ಳಬಹುದು.

ಹೊರಗೆ 34 ಡಿಗ್ರಿ ಇದ್ದ ಮಧ್ಯಾಹ್ನ ನಮ್ಮ ಯಂತ್ರ ಕ್ಯಾಬಿನ್ನನ್ನು 28ಕ್ಕಿಂತ ಕೆಳಗಿಳಿಸಲಿಲ್ಲ; ಗಾಜಿಗೆ ಹೊರಗಿನಿಂದ ಬಟ್ಟೆಯ ಮುಸುಕು ಹಾಕಿದ ಮೇಲೆ 26ಕ್ಕೆ ಬಂತು. ಸೂರ್ಯ ಮುಳುಗಿ ಒಂದು ಗಂಟೆಯಲ್ಲಿ 23. ಹಾಸಿಗೆಯ ಕೆಳಗೆ ಕಂಪ್ರೆಸರ್ ಶುರುವಾಗುವಾಗ ಒಂದು ಸಣ್ಣ ನಡುಕ ಬರುತ್ತದೆ, ಮೂರನೆಯ ರಾತ್ರಿಗೆ ಅದು ಗಮನಕ್ಕೆ ಬರುವುದಿಲ್ಲ. ಕಳೆದುಕೊಂಡದ್ದು ಆ ಹಾಸಿಗೆಯ ಕೆಳಗಿನ ಪೆಟ್ಟಿಗೆ ಪೂರ್ತಿ, ಮತ್ತು ತಂಪು ಗಾಳಿಯ ಡಕ್ಟ್ ಹಾಯಿಸಲು ಬಟ್ಟೆಯ ಕಪಾಟಿನ ಒಂದು ಮೂಲೆ. ಯಂತ್ರ, ಪಂಪು, ಡಕ್ಟು, ಕೂಲಿ ಎಲ್ಲ ಸೇರಿ ನಾಲ್ಕು ಸಾವಿರ ಡಾಲರಿಗೆ ತುಸು ಕಡಿಮೆಯಾಯಿತು. ಅಕ್ಟೋಬರಿನ ಚಳಿಯಲ್ಲಿ ಇದೇ ಯಂತ್ರವನ್ನು ಉಲ್ಟಾ ಓಡಿಸಿ ಬೆಚ್ಚಗೂ ಮಾಡಿಕೊಳ್ಳಬಹುದು. ನವೆಂಬರಿನಲ್ಲಿ ಹಿಮಗಟ್ಟುವ ಮೊದಲು ನೀರೆಲ್ಲ ಬಸಿದು, ಚಳಿಗೆ ಹೆಪ್ಪುಗಟ್ಟದ ಪ್ರೊಪಿಲೀನ್ ಗ್ಲೈಕಾಲಿನ ಗುಲಾಬಿ ದ್ರವವನ್ನು ಸುರುಳಿಯ ತುಂಬ ಹರಿಸಿ ಮುಚ್ಚಬೇಕು. ಈ ವಸಂತದಲ್ಲಿ ದೋಣಿ ನೀರಿಗಿಳಿಯುವ ಮುನ್ನ ಸ್ಟ್ರೇನರನ್ನು ಒಂದು ಅಳತೆ ದೊಡ್ಡದಕ್ಕೆ ಬದಲಾಯಿಸಿದ್ದೇನೆ, ವಾರಕ್ಕೆರಡು ಬಾರಿಯ ತೊಳೆಯುವಿಕೆ ಒಂದಕ್ಕಾದರೂ ಇಳಿಯಲಿ ಎಂದು.