ಯೂನಿಕಾರ್ನ್ ಮತ್ತು ಡಿಬಿ ಸ್ಪೆಕ್ಟ್ರಮ್: ಒಂದೇ ಮೇಜಿನ ಮೇಲೆ

ಬ್ರಿಟನ್ನಿನ ಎರಡು ಪುಟ್ಟ ಕಂಪ್ಯೂಟರುಗಳು 1980ರ ದಶಕದಲ್ಲಿ ಹೆಸರು ಬದಲಿಸಿಕೊಂಡು ನಮ್ಮ ದೇಶದಲ್ಲಿ ಮಾರಾಟವಾದವು. ಶಾಲಾ ಮಕ್ಕಳಿಗೆ ಕಂಪ್ಯೂಟರ್ ಕಲಿಸಲು 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋವನ್ನು ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಪರವಾನಗಿ ಪಡೆದು ‘ಯೂನಿಕಾರ್ನ್’ ಎಂಬ ಹೆಸರಿನಲ್ಲಿ ತಯಾರಿಸಿತು; ಸಿಂಕ್ಲೇರ್‌ನ ಸ್ಪೆಕ್ಟ್ರಮ್ ಪ್ಲಸ್ ಇಲ್ಲಿ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಆಯಿತು. ಗುಜರಿಯಲ್ಲಿ ಸಿಕ್ಕ ಇವೆರಡನ್ನೂ ರಿಪೇರಿ ಮಾಡಿಸಿ, ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಒಂದೇ ಟಿ.ವಿ.ಗೆ, ಒಂದೇ ಟೇಪ್‌ರೆಕಾರ್ಡರಿಗೆ ಸರದಿಯಂತೆ ಜೋಡಿಸಿ ಒಂದು ತಿಂಗಳು ಬಳಸಿದೆ.

ಕೀಲಿಮಣೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಯೂನಿಕಾರ್ನಿನದು ಟೈಪ್‌ರೈಟರಿನಂತೆ ಗಟ್ಟಿಯಾಗಿದೆ. ಸ್ಪೆಕ್ಟ್ರಮ್‌ನಲ್ಲಿ ‘ಪಿ’ ಒತ್ತಿದರೆ ಇಡೀ ‘ಪ್ರಿಂಟ್’ ಎಂಬ ಪದವೇ ಮೂಡುವುದರಿಂದ, ಟೈಪಿಂಗ್ ಬಲ್ಲವರ ಬೆರಳು ಮೊದಲ ವಾರ ತಡವರಿಸುತ್ತದೆ.

ನಿಜವಾದ ಅಂತರ ಕಂಡದ್ದು ಪ್ರೋಗ್ರಾಮುಗಳನ್ನು ಉಳಿಸಿಡುವ ಕ್ಯಾಸೆಟ್ಟಿನಲ್ಲಿ. ಮಗ್ಗಿ ಕೇಳುವ ಒಂದು ಪ್ರೋಗ್ರಾಮನ್ನು ಎರಡರಲ್ಲೂ ಬರೆದು ಉಳಿಸಿದ್ದೆ. ಮರಳಿ ಓದಿಸುವಾಗ ಟೇಪು ಎಲ್ಲಿಯಾದರೂ ತೊದಲಿದರೆ ಯೂನಿಕಾರ್ನ್ ‘ರಿವೈಂಡ್ ಟೇಪ್’ ಎಂದು ಸೂಚಿಸುತ್ತದೆ; ತುಸು ಹಿಂದಕ್ಕೆ ಸುತ್ತಿದರೆ ಕೆಟ್ಟ ತುಣುಕನ್ನಷ್ಟೇ ಮತ್ತೆ ಓದಿಕೊಂಡು ಮುಂದುವರಿಯುತ್ತದೆ. ಸ್ಪೆಕ್ಟ್ರಮ್ ಮಾತ್ರ ‘ಟೇಪ್ ಲೋಡಿಂಗ್ ಎರರ್’ ಎಂದು ಕೈಚೆಲ್ಲಿ, ಮೊದಲಿನಿಂದಲೇ ಆರಂಭಿಸುವಂತೆ ಮಾಡುತ್ತದೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಪಾಠ ಮುಗಿಸಬೇಕಾದ ಮೇಷ್ಟ್ರಿಗೆ ಇದು ಸಣ್ಣ ಸಂಗತಿಯಲ್ಲ. ಪ್ರೋಗ್ರಾಮಿನ ಭಾಗಗಳಿಗೆ ಹೆಸರಿಟ್ಟು ಬೇಕೆಂದಾಗ ಕರೆಯುವ ಸೌಲಭ್ಯವೂ ಯೂನಿಕಾರ್ನಿನ ಪ್ರೋಗ್ರಾಮಿಂಗ್ ಭಾಷೆಯಾದ ಬೇಸಿಕ್‌ನಲ್ಲಿ ಇರುವುದರಿಂದ, ಕಲಿಸುವುದಕ್ಕೆ ಅದೇ ಮೇಲೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಆದರೆ ಕನ್ನಡ ಅಕ್ಷರಗಳನ್ನು ಮೂಡಿಸಲು ಕುಳಿತಾಗ ಈ ಅಭಿಪ್ರಾಯ ಸ್ವಲ್ಪ ಅಲುಗಾಡಿತು. ಎರಡರಲ್ಲೂ ಎಂಟಕ್ಕೆ ಎಂಟು ಚುಕ್ಕೆಗಳ ಮನೆಯಲ್ಲಿ ನಮ್ಮದೇ ಅಕ್ಷರ ರಚಿಸಬಹುದು. ಸ್ಪೆಕ್ಟ್ರಮ್ 21 ಮನೆಗಳನ್ನು ಕೊಟ್ಟರೆ ಯೂನಿಕಾರ್ನ್ 32 ಕೊಡುತ್ತದೆ. ಆದರೆ ಯೂನಿಕಾರ್ನಿನ ಒಟ್ಟು ಸ್ಮೃತಿ (ಮೆಮೊರಿ) 32 ಕೆಬಿ ಮಾತ್ರ. ನಾಲ್ಕು ಬಣ್ಣಗಳ ‘ಮೋಡ್ 1’ ಪರದೆಗೇ ಅದರಲ್ಲಿ 20 ಕೆಬಿ ಹೋಗಿ, ಯಂತ್ರದ ಸ್ವಂತ ಬಳಕೆಯನ್ನೂ ಕಳೆದರೆ ಪ್ರೋಗ್ರಾಮಿಗೆ ಸುಮಾರು 8 ಕೆಬಿ ಉಳಿಯುತ್ತದೆ. ಪರದೆಗೆ ಒಂದೇ ಕೆಬಿ ತಿನ್ನುವ ‘ಮೋಡ್ 7’ರಲ್ಲಿ ಅಕ್ಷರ ಬದಲಿಸಲು ಅವಕಾಶವೇ ಇಲ್ಲ. ಸ್ಪೆಕ್ಟ್ರಮ್ ತನ್ನ 48 ಕೆಬಿಯಲ್ಲಿ ಪರದೆಗೆ 7 ಕೆಬಿಯನ್ನೂ ಪೂರ್ತಿ ಬಳಸುವುದಿಲ್ಲ. ‘ದಾವಣಗೆರೆ’ ಎರಡರಲ್ಲೂ ಒಂದೇ ಸಾಲಿನಲ್ಲಿ ಕುಳಿತಿತು. ‘ಚಿತ್ರದುರ್ಗ’ ಬರೆಯುವಾಗ ‘ತ್ರ’ದ ಒತ್ತಿಗೆ ಕೆಳಗೊಂದು, ಅರ್ಕಾವತ್ತಿಗೆ ಪಕ್ಕಕ್ಕೊಂದು ಹೆಚ್ಚುವರಿ ಮನೆ ಬೇಕಾಯಿತು.