ಗದ್ದದ ಮೊಡವೆಗೆ ನಾಲ್ಕು ಮಾತ್ರೆಗಳು: ನನ್ನ ಅನುಭವದ ಹೋಲಿಕೆ

ಹದಿಹರೆಯ ಕಳೆದು ಎಷ್ಟೋ ವರ್ಷವಾದ ಮೇಲೂ ಮೊಡವೆ ಬಿಡದಿದ್ದರೆ, ಅದು ಎಲ್ಲಿ ಏಳುತ್ತದೆ, ಯಾವಾಗ ಏಳುತ್ತದೆ ಎಂದು ಮೊದಲು ಗಮನಿಸಬೇಕು. ನನಗೆ ಹಣೆ, ಮೂಗು ಯಾವಾಗಲೂ ಸ್ವಚ್ಛ. ಮೊಡವೆ ಏಳುತ್ತಿದ್ದುದು ಗದ್ದದಲ್ಲಿ, ದವಡೆಯ ಅಂಚಿನಲ್ಲಿ, ಕಿವಿಯ ಕೆಳಗಿನಿಂದ ಕತ್ತಿನವರೆಗೆ. ಮುಟ್ಟಿಗೆ ಒಂದು ವಾರವಿರುವಾಗ ಚರ್ಮದಡಿ ಗಂಟು ಕಟ್ಟುತ್ತಿತ್ತು. ಬೆರಳು ತಾಗಿದರೆ ನೋವು, ತುತ್ತು ಅಗಿದರೂ ನೋವು. ಒಡೆಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಕೊನೆಗೆ ಕಪ್ಪು ಕಲೆ ಉಳಿಸಿ ಇಳಿಯುವಷ್ಟರಲ್ಲಿ ಮುಂದಿನ ತಿಂಗಳದು ಬಂದಿರುತ್ತಿತ್ತು. ಮುಲಾಮುಗಳಿಂದ ಇದು ಬಗ್ಗಲಿಲ್ಲ. ಹಾಗಾಗಿ ಬೇರೆ ಬೇರೆ ಕಾಲದಲ್ಲಿ, ಪ್ರತಿ ಬಾರಿಯೂ ವೈದ್ಯರ ಚೀಟಿಯ ಮೇಲೆಯೇ, ನಾಲ್ಕು ಬಗೆಯ ಮಾತ್ರೆ ತೆಗೆದುಕೊಂಡೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಚೆನ್ನಾಗಿ ಒಗ್ಗಿದ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆಯ ಹೆಸರು ಬಹಳ ವರ್ಷ ನನ್ನ ಕಿವಿಗೇ ಬಿದ್ದಿರಲಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೊಡುವುದು ಡಾಕ್ಸಿಸೈಕ್ಲಿನ್. ಇದು ಆ್ಯಂಟಿಬಯಾಟಿಕ್, ಚರ್ಮದ ಬ್ಯಾಕ್ಟೀರಿಯಾವನ್ನೂ ಉರಿಯೂತವನ್ನೂ ತಗ್ಗಿಸುತ್ತದೆ. ತುಂಬಾ ನೀರಿನೊಂದಿಗೆ ನುಂಗಬೇಕು, ನುಂಗಿದ ತಕ್ಷಣ ಮಲಗಬಾರದು, ಇಲ್ಲದಿದ್ದರೆ ಅನ್ನನಾಳ ಸುಟ್ಟಂತೆ ಉರಿಯುತ್ತದೆ. ಬಿಸಿಲಿಗೆ ಮುಖ ಬೇಗ ಕೆಂಪಾಗುತ್ತದೆ. ಕೆಲವು ವಾರಗಳಲ್ಲಿ ನನ್ನ ಊತ ಇಳಿಯಿತು, ನಿಲ್ಲಿಸಿದ ಮೇಲೆ ಎಲ್ಲವೂ ಮರಳಿತು. ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಳ್ಳುವ ಅಪಾಯವಿರುವುದರಿಂದ ಇದನ್ನು ಮೂರು ನಾಲ್ಕು ತಿಂಗಳಿಗಿಂತ ಹೆಚ್ಚು ಎಳೆಯಬಾರದು ಎನ್ನುತ್ತಾರೆ. ತಿಂಗಳು ತಿಂಗಳೂ ಮುಟ್ಟಿನ ಜೊತೆಗೇ ಬರುವ ಮೊಡವೆಗೆ ಇದನ್ನೇ ಮತ್ತೆ ಮತ್ತೆ ಬರೆದುಕೊಡುವುದು ನನಗೆ ಸರಿ ಕಾಣುವುದಿಲ್ಲ.

ಏಕೆಂದರೆ ಮೂಲ ಬೇರೆಡೆ ಇದೆ. ಹೆಣ್ಣಿನ ದೇಹದಲ್ಲೂ ಅಂಡಾಶಯ ಮತ್ತು ಅಡ್ರಿನಲ್ ಗ್ರಂಥಿಗಳು ಆಂಡ್ರೋಜೆನ್, ಅಂದರೆ ಗಂಡು ಹಾರ್ಮೋನು ತಯಾರಿಸುತ್ತವೆ. ಅದು ಚರ್ಮದ ಎಣ್ಣೆ ಗ್ರಂಥಿಗಳನ್ನು ಕೆರಳಿಸುತ್ತದೆ. ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರಾಗುವ ತೊಂದರೆ) ಇದ್ದವರಲ್ಲಿ ಈ ಹಾರ್ಮೋನಿನ ಪ್ರಮಾಣವೇ ಹೆಚ್ಚಿರಬಹುದು. ನನ್ನಂಥವರಲ್ಲಿ ರಕ್ತಪರೀಕ್ಷೆಯ ವರದಿ ಪೂರ್ತಿ ಸರಿಯಾಗಿರುತ್ತದೆ, ಗ್ರಂಥಿಗಳು ಮಾತ್ರ ಅದಕ್ಕೆ ಅತಿಯಾಗಿ ಸ್ಪಂದಿಸುತ್ತವೆ. ವರದಿ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಹಾರ್ಮೋನಿನ ಮಾತನ್ನು ತಳ್ಳಿಹಾಕುವಂತಿಲ್ಲ.

ಎರಡನೆಯದು ಗರ್ಭನಿರೋಧಕ ಮಾತ್ರೆ. ನನಗೆ ಕೊಟ್ಟಿದ್ದು ಎಥಿನೈಲ್ ಈಸ್ಟ್ರಾಡಯಾಲ್ ಎಂಬ ಈಸ್ಟ್ರೋಜೆನ್ ಮತ್ತು ಡ್ರಾಸ್ಪಿರಿನೋನ್ ಸೇರಿದ್ದು. ಆಗ ನನಗೆ ಮದುವೆಯಾಗಿರಲಿಲ್ಲ. ಮಾತ್ರೆಗಳ ಹಾಳೆಯನ್ನು ತಿರುಗಿಸಿ ನೋಡಿದ ಅಮ್ಮ, "ಇದನ್ನು ತೆಗೆದುಕೊಂಡರೆ ಮುಂದೆ ಮಕ್ಕಳಾಗುವುದಕ್ಕೆ ತೊಂದರೆಯಾಗುವುದಿಲ್ಲವೇನೇ?" ಎಂದು ಕೇಳಿದರು. ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಈ ಪ್ರಶ್ನೆಯಲ್ಲೇ. ಮಾತ್ರೆ ಬಿಟ್ಟ ಮೇಲೆ ಅಂಡೋತ್ಪತ್ತಿ ಮರಳುತ್ತದೆ; ಇದರಿಂದ ಶಾಶ್ವತ ಬಂಜೆತನ ಬರುವುದಿಲ್ಲ. ಸ್ತ್ರೀರೋಗ ತಜ್ಞೆ ಅಮ್ಮನನ್ನೇ ಎದುರು ಕೂರಿಸಿಕೊಂಡು ಇದನ್ನು ಬಿಡಿಸಿ ಹೇಳಿದರು. ನಾನು ಎಷ್ಟು ಹೇಳಿದ್ದರೂ ಅಮ್ಮನಿಗೆ ಆ ಸಮಾಧಾನ ಸಿಗುತ್ತಿರಲಿಲ್ಲ.

ಈ ಮಾತ್ರೆಯ ಕೆಲಸ ಎರಡು ಕಡೆ ನಡೆಯುತ್ತದೆ. ಅಂಡಾಶಯದಲ್ಲಿ ಆಂಡ್ರೋಜೆನ್ ಉತ್ಪಾದನೆ ತಗ್ಗುತ್ತದೆ. ಜೊತೆಗೆ ಯಕೃತ್ತು ಒಂದು ಪ್ರೋಟೀನನ್ನು ಹೆಚ್ಚು ತಯಾರಿಸಿ, ರಕ್ತದಲ್ಲಿ ಬಿಡಿಯಾಗಿ ಓಡಾಡುವ ಟೆಸ್ಟೋಸ್ಟಿರಾನ್ ಎಂಬ ಆಂಡ್ರೋಜೆನನ್ನು ಹಿಡಿದಿಡುತ್ತದೆ. ಮೊದಲ ತಿಂಗಳು ವಾಕರಿಕೆ, ತಲೆನೋವು ಇದ್ದವು. ಮೂರನೆಯ ಹಾಳೆ ಮುಗಿಯುವ ಹೊತ್ತಿಗೆ ಗದ್ದ ನುಣುಪಾಯಿತು, ಮುಟ್ಟಿನ ಹೊಟ್ಟೆನೋವೂ ಕಡಿಮೆಯಾಯಿತು. ಇಷ್ಟು ಚೆನ್ನಾಗಿದ್ದರೂ ಬಿಡಬೇಕಾಯಿತು. ಮುಂದೊಂದು ದಿನ ತಲೆನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಬೆಳಕಿನ ಗೆರೆಗಳು ಕಾಣಿಸಿದವು. ಮೈಗ್ರೇನಿನ ಈ ಲಕ್ಷಣವಿರುವವರಿಗೆ ಈಸ್ಟ್ರೋಜೆನ್ ಇರುವ ಮಾತ್ರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆ. ವೈದ್ಯೆ ಅಂದೇ ನಿಲ್ಲಿಸಿದರು.

ಈ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಭಯದ ಬಗ್ಗೆ ಅಳತೆಯಿಟ್ಟು ಮಾತಾಡುವುದು ಒಳ್ಳೆಯದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಲೆಕ್ಕದಂತೆ, ಇಂಥ ಮಾತ್ರೆ ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ಹೀಗಾಗುತ್ತದೆ. ಡ್ರಾಸ್ಪಿರಿನೋನ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ 9ರಿಂದ 12 ಮಂದಿಗೆ. ಗರ್ಭಿಣಿಯರಲ್ಲಿ ಈ ಅಪಾಯ ಇದಕ್ಕಿಂತಲೂ ಹೆಚ್ಚು. ಹಾಗೆಂದು ಎಲ್ಲರಿಗೂ ಒಂದೇ ಮಾತು ಹೇಳಲಾಗದು: 35 ದಾಟಿ ಧೂಮಪಾನ ಮಾಡುವವರು, ರಕ್ತದೊತ್ತಡ ಇರುವವರು, ಮನೆಯಲ್ಲಿ ಯಾರಿಗಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅಂಥವರು ಚೀಟಿ ಬರೆಯುವ ಮೊದಲೇ ಅದನ್ನು ವೈದ್ಯರಿಗೆ ಹೇಳಬೇಕು. ಈ ಮಾತ್ರೆಯನ್ನು ಗೆಳತಿಯ ಹಾಳೆಯಿಂದ ಎರವಲು ಪಡೆಯಲೇಬಾರದು.

ಮೂರನೆಯದು ಐಸೊಟ್ರೆಟಿನಾಯಿನ್. ಅಮೆರಿಕದಲ್ಲಿ 1982ರಲ್ಲಿ ಒಪ್ಪಿಗೆ ಪಡೆದ ಈ ಔಷಧಿ ಎಣ್ಣೆ ಗ್ರಂಥಿಗಳನ್ನೇ ಕುಗ್ಗಿಸುತ್ತದೆ. ತೀವ್ರ ಮೊಡವೆಗೆ, ಗುಳಿ ಬೀಳುವ ಗಂಟುಗಳಿಗೆ ಇದಕ್ಕೆ ಸಮನಾದದ್ದಿಲ್ಲ. ದೇಹದ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಪೂರ್ಣ ಚಿಕಿತ್ಸೆಗೆ ಸಾಮಾನ್ಯವಾಗಿ ಪ್ರತಿ ಕಿಲೋಗೆ 120ರಿಂದ 150 ಮಿಲಿಗ್ರಾಂ. ಕೊಬ್ಬಿನಂಶವಿರುವ ಊಟದೊಂದಿಗೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುವುದರಿಂದ, ನಾನು ತುಪ್ಪ ಹಾಕಿದ ಅನ್ನ ಉಂಡ ಮೇಲೆ ನುಂಗುತ್ತಿದ್ದೆ. ತುಟಿಯ ಮೂಲೆಗಳು ಬಿರಿದು, ಸಾರಿನ ಹುಳಿ ತಾಗಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಯಕೃತ್ತು ಮತ್ತು ಕೊಬ್ಬಿನ ರಕ್ತಪರೀಕ್ಷೆ ಮಾಡಿಸಬೇಕಿತ್ತು. ಮುಖವೇನೋ ತಿಳಿಯಾಯಿತು, ಒಂದು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಇತ್ತು. ಆಮೇಲೆ ಅದೇ ದವಡೆಯಂಚಿನಲ್ಲಿ, ಅದೇ ವಾರದಲ್ಲಿ ಗಂಟುಗಳು ಎದ್ದವು. ಹಾರ್ಮೋನಿನ ಪ್ರಭಾವ ಹಾಗೇ ಉಳಿದಿರುವ ಮಹಿಳೆಯರಲ್ಲಿ ಹೀಗೆ ಮರಳುವುದುಂಟು. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆಯೆಂದರೆ, ಇದನ್ನು ತೆಗೆದುಕೊಳ್ಳುವಾಗ ಗರ್ಭ ನಿಂತರೆ ಮಗುವಿಗೆ ಗಂಭೀರ ಅಂಗವೈಕಲ್ಯ ಬರಬಹುದು. ಚಿಕಿತ್ಸೆಯುದ್ದಕ್ಕೂ, ಮುಗಿದ ಮೇಲೆ ಕನಿಷ್ಠ ಒಂದು ತಿಂಗಳೂ ಗರ್ಭ ಧರಿಸುವಂತಿಲ್ಲ.

ಕೊನೆಗೆ ಬಂದದ್ದು ಸ್ಪೈರೊನೊಲ್ಯಾಕ್ಟೋನ್. "ಮನೆಯಲ್ಲಿ ಯಾರಿಗೆ ಬಿಪಿ?" ಎಂದು ಔಷಧಿ ಅಂಗಡಿಯವರು ಕೇಳಿದರು. ಅವರು ಕೇಳಿದ್ದು ಸಹಜವೇ: ಇದು ರಕ್ತದೊತ್ತಡಕ್ಕೆ, ಹೃದಯದ ತೊಂದರೆಗೆ, ಮೈಯಲ್ಲಿ ನೀರು ನಿಂತಾಗ ಕೊಡುವ ಹಳೆಯ ಮಾತ್ರೆ. ಆಂಡ್ರೋಜೆನ್ ಎಣ್ಣೆ ಗ್ರಂಥಿಗೆ ತಲುಪಿದರೂ ಅಲ್ಲಿ ಅಂಟಿಕೊಳ್ಳದಂತೆ ಇದು ಅಡ್ಡ ನಿಲ್ಲುತ್ತದೆ. ಅದರಿಂದಲೇ ವೈದ್ಯರು ಮೊಡವೆಗೂ ಬಳಸುತ್ತಾರೆ. ಗಂಡಸರಲ್ಲಿ ಸ್ತನ ಬೆಳೆಯುವ ಸಾಧ್ಯತೆ ಇರುವುದರಿಂದ ಅವರ ಮೊಡವೆಗೆ ಬಳಸುವುದಿಲ್ಲ.

ಇದು ನಿಧಾನ. 50 ಮಿಲಿಗ್ರಾಂನಿಂದ ಶುರುಮಾಡಿ 100ಕ್ಕೆ ಏರಿಸಿದರು. ಮೊದಲೆರಡು ತಿಂಗಳು ಏನೂ ಆಗಲಿಲ್ಲ. ಮೂತ್ರಕ್ಕೆ ಹೆಚ್ಚು ಬಾರಿ ಹೋಗಬೇಕಾಯಿತು, ಥಟ್ಟನೆ ಎದ್ದು ನಿಂತರೆ ತಲೆ ತಿರುಗುತ್ತಿತ್ತು, ಮುಟ್ಟು ಹಿಂದುಮುಂದಾಯಿತು. ಆಮೇಲೆ ಒಂದು ತಿಂಗಳು ಗಂಟುಗಳು ಬಂದವು, ಆದರೆ ಚಿಕ್ಕವು. ಅದರ ಮುಂದಿನ ತಿಂಗಳು ಒಂದೇ ಒಂದು. ಮಧ್ಯಾಹ್ನದ ಹೊತ್ತಿಗೆ ಮುಖ ಎಣ್ಣೆಯಿಂದ ಹೊಳೆಯುವುದೂ ನಿಂತಿತು. 2023ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದ ಫಲಿತಾಂಶವೂ ಇದೇ ಬಗೆಯದು. 410 ಮಹಿಳೆಯರು ಭಾಗವಹಿಸಿದ್ದ ಅದರಲ್ಲಿ 12 ವಾರಕ್ಕೆ ಗುಣ ಕಂಡಿದೆ ಎಂದವರು ಈ ಮಾತ್ರೆಯ ಗುಂಪಿನಲ್ಲಿ ಶೇ 72, ಔಷಧಿಯಿಲ್ಲದ ಹುಸಿಮಾತ್ರೆಯ ಗುಂಪಿನಲ್ಲಿ ಶೇ 68. 24 ವಾರಕ್ಕೆ ಅದು ಶೇ 82 ಮತ್ತು ಶೇ 63. ಎರಡೇ ತಿಂಗಳಿಗೆ "ಇದರಿಂದ ಆಗಲಿಲ್ಲ" ಎಂದು ಬಿಡುವವರು ನಿಜವಾದ ಗುಣ ಕಾಣುವ ಮೊದಲೇ ಬಿಟ್ಟಿರುತ್ತಾರೆ.

ಇದು ದೇಹದಲ್ಲಿ ಪೊಟ್ಯಾಶಿಯಂ ಉಳಿಸುವ ಮಾತ್ರೆಯಾದ್ದರಿಂದ, ಪೊಟ್ಯಾಶಿಯಂ ಹೇರಳವಾಗಿರುವ ಎಳನೀರಿನ ಬಗ್ಗೆ ವೈದ್ಯೆಯನ್ನು ಕೇಳಿದೆ. ಮೂತ್ರಪಿಂಡ ಚೆನ್ನಾಗಿರುವ ಯುವತಿಯರಿಗೆ ಅಪಾಯ ಬಹಳ ಕಡಿಮೆ, ಆದರೂ ದಿನವೂ ಎರಡು ಮೂರು ಕುಡಿಯಬೇಡಿ ಎಂದರು. ಮೂತ್ರಪಿಂಡದ ತೊಂದರೆ ಇರುವವರಿಗೆ, ರಕ್ತದೊತ್ತಡಕ್ಕೆ ಬೇರೆ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಮಾತ್ರ ಇದು ಸಣ್ಣ ವಿಷಯವಲ್ಲ. ಅವರು ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು.

ಗರ್ಭನಿರೋಧಕ ಮಾತ್ರೆ ಮತ್ತು ಸ್ಪೈರೊನೊಲ್ಯಾಕ್ಟೋನ್ ಎರಡನ್ನೇ ಎದುರುಬದುರು ಇಟ್ಟರೆ, ಮುಟ್ಟು ಏರುಪೇರಾಗುವವರಿಗೆ, ಗರ್ಭನಿರೋಧವೂ ಬೇಕಾದವರಿಗೆ ಮೊದಲನೆಯದೇ ಅನುಕೂಲ. ಈಸ್ಟ್ರೋಜೆನ್ ಕೂಡದವರಿಗೆ, ವರ್ಷಗಟ್ಟಲೆ ತೆಗೆದುಕೊಳ್ಳಬೇಕಾದ ನನ್ನಂಥವರಿಗೆ ಎರಡನೆಯದು. ಎರಡನ್ನೂ ಕೂಡಿಸಿ ಕೊಡುವುದೂ ಉಂಟು. ಈಗ ನಾನು ಸ್ಪೈರೊನೊಲ್ಯಾಕ್ಟೋನ್ 50 ಮಿಲಿಗ್ರಾಂನಲ್ಲಿ ಇದ್ದೇನೆ. ಪೂರ್ತಿ ಬಿಟ್ಟು ನೋಡಿದಾಗ ಗಂಟುಗಳು ಮರಳಿದ್ದರಿಂದ ಸದ್ಯಕ್ಕೆ ಮುಂದುವರಿಸುತ್ತಿದ್ದೇನೆ. ಆದರೆ ಮಗು ಬೇಕೆಂದು ನಿರ್ಧರಿಸಿದವರು ಈ ಮಾತ್ರೆಯನ್ನು ಮೊದಲೇ ನಿಲ್ಲಿಸಬೇಕು. ಹೊಟ್ಟೆಯಲ್ಲಿರುವ ಗಂಡು ಮಗುವಿನ ಬೆಳವಣಿಗೆಗೆ ಇದು ತೊಡಕಾಗಬಹುದು. ನಾವೂ ಮುಂದಿನ ವರ್ಷ ಆ ಯೋಚನೆಯಲ್ಲಿದ್ದೇವೆ. ಆಗ ಅಜೆಲಾಯಿಕ್ ಆಮ್ಲದ ಮುಲಾಮು ಹಚ್ಚಿಕೊಳ್ಳಬಹುದು, ಅದು ಗರ್ಭಿಣಿಯರಿಗೂ ನಡೆಯುತ್ತದೆ ಎಂದು ವೈದ್ಯೆ ಈಗಲೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ.