ಹೊಸ ಬೆಲ್ಟ್ ಹಾಕಿದ ಮಾತ್ರಕ್ಕೆ ಗಾಡಿ ಹೊರಡಿಸಬೇಡಿ

ರಸ್ತೆ ಬದಿಯಲ್ಲಿ ಎಂಜಿನ್ ಬೆಲ್ಟ್ (ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಎಸಿ ಮುಂತಾದವನ್ನು ತಿರುಗಿಸುವ ಹೊರಗಿನ ಬೆಲ್ಟ್) ಹರಿದು ನಿಂತ ಕಾರೊಂದಕ್ಕೆ ಅಲ್ಲೇ ಹೊಸ ಬೆಲ್ಟ್ ಹಾಕಿ ಕಳಿಸಿದರು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ತಟ್ಟನೆ ಆಫ್ ಆಯಿತು, ಮತ್ತೆ ಸ್ಟಾರ್ಟ್ ಆಗಲಿಲ್ಲ. ಬಿಚ್ಚಿ ನೋಡಿದರೆ ಬೆಲ್ಟಿಗೆ ದಾರಿ ತೋರುವ ಐಡ್ಲರ್ ಪುಲ್ಲಿಯ ಬೇರಿಂಗ್ ಜಾಮ್ ಆಗಿತ್ತು. ಮೊದಲ ಬೆಲ್ಟ್ ಹರಿದದ್ದೇ ಅದರಿಂದ, ಹೊಸದೂ ಅದರ ಮೇಲೆ ಉಜ್ಜಿ ಸುಟ್ಟಿತ್ತು. ಕಿತ್ತುಬಂದ ನೂಲೆಲ್ಲ ಬೆಲ್ಟನ್ನು ಓಡಿಸುವ ಕ್ರ್ಯಾಂಕ್ ಪುಲ್ಲಿಯ ಹಿಂದೆ ಸುತ್ತಿಕೊಂಡು ಟೈಮಿಂಗ್ ಕವರಿನೊಳಗೆ ನುಗ್ಗಿತ್ತು. ವಾಲ್ವ್ ತೆರೆದು ಮುಚ್ಚುವ ಸಮಯ ಕಾಯುವ ಒಳಗಿನ ಟೈಮಿಂಗ್ ಬೆಲ್ಟ್ ಹಲ್ಲು ತಪ್ಪಿತು, ಪಿಸ್ಟನ್ ಬಡಿದು ವಾಲ್ವ್ ಬಾಗಿದವು. ಒಂದು ಬೇರಿಂಗಿನಲ್ಲಿ ಮುಗಿಯಬೇಕಿದ್ದ ಕೆಲಸ ಎಂಜಿನ್ನಿನ ಹೆಡ್ ಇಳಿಸುವ ತನಕ ಹೋಯಿತು.

ಹಳತಾಗಿ ಹರಿಯುವ ಬೆಲ್ಟ್ ಇದ್ದೇ ಇರುತ್ತದೆ. ಆದರೆ ಜಾಮ್ ಆದ ಪುಲ್ಲಿ, ಸತ್ತ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಭಾಗ), ಮೇಲಿನಿಂದ ತೊಟ್ಟಿಕ್ಕುವ ಆಯಿಲ್ ಅಥವಾ ಕೂಲೆಂಟ್, ಇವುಗಳಿಂದ ಹರಿದದ್ದಾದರೆ ಹೊಸದಕ್ಕೂ ಅದೇ ಗತಿ.

ಬ್ಯಾಟರಿ ದೀಪ ಹತ್ತಿತು, ಜೊತೆಗೆ ಸ್ಟೀರಿಂಗ್ ಗಟ್ಟಿಯಾಯಿತು ಎಂದರೆ ಬೆಲ್ಟ್ ಹೋಗಿರಬೇಕು. ತಕ್ಷಣ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುವ ಎಂಜಿನ್ ಕೆಲವೇ ನಿಮಿಷದಲ್ಲಿ ಹೀಟ್ ಆಗಿ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಟೆಂಪರೇಚರ್ ಮುಳ್ಳನ್ನು ನಂಬಿ ಓಡಿಸಬೇಡಿ. ಕೂಲೆಂಟ್ ಚೆಲ್ಲಿಹೋಗಿದ್ದರೆ ಸೆನ್ಸರ್ ಸುತ್ತ ನೀರೇ ಇಲ್ಲದೆ ಮುಳ್ಳು ಕೆಳಗೇ ಕೂತಿರಬಹುದು. ಕೆಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ. ಅಲ್ಲಿ ಬೆಲ್ಟ್ ಹೋದರೆ ಬ್ರೇಕ್ ಪೆಡಲ್ ಕೂಡ ಗಟ್ಟಿಯಾಗುತ್ತದೆ.

ಎಂಜಿನ್ ತಣಿಯಲಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೀ ತೆಗೆದು ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ, ಯಾಕೆಂದರೆ ಕೆಲವು ಗಾಡಿಗಳಲ್ಲಿ ಎಲೆಕ್ಟ್ರಿಕ್ ಫ್ಯಾನ್ ಕೀ ಇಲ್ಲದಿದ್ದರೂ ತಾನಾಗಿ ತಿರುಗುತ್ತದೆ.

ಈಗ ಎಲ್ಲರೂ ಅವಸರ ಮಾಡುವ ಭಾಗ. ಹಳೆ ಬೆಲ್ಟಿನ ತುಂಡು, ನೂಲು ಒಂದೂ ಉಳಿಯಬಾರದು. ಟಾರ್ಚ್ ಹಿಡಿದು ಕ್ರ್ಯಾಂಕ್ ಪುಲ್ಲಿಯ ಹಿಂಬದಿ ನೋಡಿ, ಎಳೆ ಕಂಡರೆ ಇಕ್ಕಳದಿಂದ ಸುತ್ತು ಬಿಡಿಸಿ ಎಳೆಯಿರಿ. ಎಳೆ ಟೈಮಿಂಗ್ ಕವರಿನೊಳಗೆ ಹೋಗಿರುವುದು ಕಂಡರೆ ಸ್ಟಾರ್ಟ್ ಮಾಡುವ ಮಾತೇ ಬೇಡ, ಟೋಯಿಂಗ್ ಕರೆಸಿ. ಆಮೇಲೆ ಐಡ್ಲರ್, ಟೆನ್ಷನರ್, ಆಲ್ಟರ್ನೇಟರ್, ವಾಟರ್ ಪಂಪ್, ಎಸಿ, ಒಂದೊಂದೇ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಗರಗರ ಅನ್ನಬಾರದು, ಅಲುಗಾಡಬಾರದು. ವಾಟರ್ ಪಂಪ್ ಅಲುಗಾಡಿದರೆ ಅಲ್ಲಿಗೇ ನಿಲ್ಲಿಸಿ. ಕ್ಲಚ್ ಇರುವ ಎಸಿ ಕಂಪ್ರೆಸರ್ ಒಳಗೆ ಹಿಡಿದುಕೊಂಡಿದ್ದರೂ ಪುಲ್ಲಿ ಸಲೀಸಾಗಿ ತಿರುಗುತ್ತಿದ್ದರೆ ಎಸಿ ಹಾಕದೆ ಊರು ಸೇರಬಹುದು. ಹಲವು ಐಡ್ಲರ್‌ಗಳಲ್ಲಿ ಇರುವುದು ಸಾಮಾನ್ಯ 6203 ಬೇರಿಂಗ್; ಅಂಚಿನಲ್ಲಿ ನಂಬರ್ ಇರುತ್ತದೆ, ಓದಿಕೊಳ್ಳಿ.

ಬೆಲ್ಟ್ ತರುವಾಗ ಕಣ್ಣಳತೆ ಬೇಡ. 6ಪಿಕೆ1750 ಎಂದರೆ ಬೆಲ್ಟಿನ ಒಳಬದಿಯಲ್ಲಿ ಉದ್ದಕ್ಕೆ ಆರು ಗೆರೆ, 1750 ಮಿಲಿಮೀಟರ್ ಉದ್ದ. ಎಸಿ ಇರುವ ಮತ್ತು ಇಲ್ಲದ ಮಾಡೆಲ್‌ಗೆ ಉದ್ದ ಬೇರೆ ಇರುತ್ತದೆ. ಟೆನ್ಷನರೇ ಇಲ್ಲದ, ಹಿಗ್ಗಿಸಿ ಕೂರಿಸುವ ಬೆಲ್ಟೂ ಇದೆ. ಅದಕ್ಕೆ ಅದರದೇ ಟೂಲ್ ಬೇಕು. ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ನೂಲು ತುಂಡಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ.

ಬೆಲ್ಟಿನ ದಾರಿ ತೋರಿಸುವ ಸ್ಟಿಕರ್ ಎಷ್ಟೋ ಗಾಡಿಗಳಲ್ಲಿ ಬಾನೆಟ್ ಕೆಳಗಿರುತ್ತದೆ. ಗೆರೆಯಿರುವ ಪುಲ್ಲಿಗೆ ಬೆಲ್ಟಿನ ಗೆರೆ ಬದಿ, ನುಣುಪಾದ ಪುಲ್ಲಿಗೆ ಬೆನ್ನಿನ ಬದಿ. ದಾರಿ ತಪ್ಪಿದರೆ ವಾಟರ್ ಪಂಪ್ ಉಲ್ಟಾ ತಿರುಗಿ, ಬೆಲ್ಟ್ ಸರಿಯಿದ್ದರೂ ಎಂಜಿನ್ ಹೀಟ್ ಆಗಬಹುದು. ಸ್ಪ್ರಿಂಗ್ ಟೆನ್ಷನರನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ ತಿರುಗಿಸಿ ಹಿಡಿದು, ಕೊನೆಗೆ ನುಣುಪಾದ ಐಡ್ಲರ್ ಮೇಲೆ ಏರಿಸುವುದು ಸುಲಭ. ಸ್ಪ್ಯಾನರ್ ಜಾರಿದರೆ ಟೆನ್ಷನರ್ ರಪ್ಪನೆ ಹೊಡೆಯುತ್ತದೆ, ಬೆರಳು ಒಳಗಿರಬಾರದು.

ಬೆಲ್ಟ್ ಏರಿದ ಮೇಲೆ ಪ್ರತಿ ಪುಲ್ಲಿಯ ಅಂಚನ್ನೂ ಟಾರ್ಚ್ ಹಾಕಿ ನೋಡಿ. ಮುಖ್ಯವಾಗಿ ಕೆಳಗಿರುವ ಕ್ರ್ಯಾಂಕ್ ಪುಲ್ಲಿ, ಬೆಲ್ಟ್ ತಪ್ಪಿ ಕೂರುವುದು ಅಲ್ಲೇ. ಒಂದು ಗೆರೆ ಎಂದರೆ ಮೂರೂವರೆ ಮಿಲಿಮೀಟರ್ ಅಷ್ಟೆ, ಮೇಲಿನಿಂದ ಬಗ್ಗಿ ನೋಡಿದರೆ ಗೊತ್ತೇ ಆಗುವುದಿಲ್ಲ. ಹಾಗೆ ಬಿಟ್ಟರೆ ಹೊರಗೆ ಚಾಚಿದ ಗೆರೆ ಸಿಪ್ಪೆಯಂತೆ ಸುಲಿದುಬಂದು ಮತ್ತೆ ಕ್ರ್ಯಾಂಕಿಗೇ ಸುತ್ತುತ್ತದೆ.

ಬೋಲ್ಟಿನಿಂದ ಬಿಗಿ ಮಾಡುವ ವ್ಯವಸ್ಥೆಯಾದರೆ ಉದ್ದನೆಯ ಭಾಗದ ನಡುವೆ ಹೆಬ್ಬೆರಳಲ್ಲಿ ಒತ್ತಿದಾಗ ಸುಮಾರು 10 ಮಿಲಿಮೀಟರ್ ತಗ್ಗಿದರೆ ದಾರಿ ಮಟ್ಟಿಗೆ ಸಾಕು. "ಇನ್ನೊಂಚೂರು ಬಿಗಿ ಇರಲಿ" ಅನ್ನುವವರ ಗಾಡಿಯಲ್ಲೇ ಆಲ್ಟರ್ನೇಟರ್, ವಾಟರ್ ಪಂಪಿನ ಬೇರಿಂಗ್ ಬೇಗ ಹೋಗುವುದು.

ನೆಗೆಟಿವ್ ಹಾಕಿ ಎರಡು ಮೂರು ಸೆಕೆಂಡ್ ಸ್ಟಾರ್ಟ್ ಮಾಡಿ ಆಫ್ ಮಾಡಿ, ಬೆಲ್ಟ್ ಸರಿದಿದೆಯೇ ನೋಡಿ. ಸರಿಯಿದ್ದರೆ ಕೂಲೆಂಟ್ ಮಟ್ಟ ನೋಡಿ ಐದು ನಿಮಿಷ ಓಡಲು ಬಿಡಿ. ಬ್ಯಾಟರಿ ದೀಪ ಆರಬೇಕು; ಮೀಟರ್ ಇದ್ದರೆ ಸುಮಾರು 14 ವೋಲ್ಟ್ ತೋರಿಸಬೇಕು. ಕೀರಲು ಶಬ್ದ ಬಂದರೆ ಬೆಲ್ಟಿಗೆ ಸ್ಪ್ರೇ ಹೊಡೆದು ಬಾಯಿ ಮುಚ್ಚಿಸಬೇಡಿ. ಆ ಶಬ್ದಕ್ಕೆ ಕಾರಣ ಆಯಿಲ್, ಸಡಿಲ ಬೆಲ್ಟ್ ಅಥವಾ ಓರೆ ಪುಲ್ಲಿ. ಸ್ಪ್ರೇಯಿಂದ ಮೂರೂ ಸರಿಹೋಗುವುದಿಲ್ಲ. ಹೊರಟ ಮೇಲೆ ಹತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಬಾನೆಟ್ ಎತ್ತಿ ಅಂಚು ನೋಡಿ, ಕಪ್ಪು ರಬ್ಬರ್ ಪುಡಿ ಬಿದ್ದಿದ್ದರೆ ಮುಂದೆ ಹೋಗಬೇಡಿ.